ಕಡಲ ಬಂಡೆಯ ಮೇಲಿನ ಬ್ಯಾಗು

ಬಂಡೆಯ ಮೇಲೆ ಬ್ಯಾಗಿರಲಿಲ್ಲ!

ಲೋಹಿತಾ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬರಿ ಕಲ್ಲು. ಅದರ ಮೇಲೊಂದು ಏಡಿ. ಕಾಫಿ ಕುಡಿಯಲು ಮರಳಿಗೆ ಬರುವ ಮುನ್ನ ತನ್ನ ಕೈಯಾರೆ ಅಲ್ಲಿ ಇಟ್ಟಿದ್ದಳು. ಬ್ಯಾಗಿನೊಳಗೆ ಕ್ಯಾಮೆರಾ, ಕ್ಯಾಮೆರಾದೊಳಗೆ ಹಿಂದಿನ ಸಂಜೆ ತೆಗೆದ ಕಡಲಿನ ಚಿತ್ರಗಳು.

"ಜುಂಜಪ್ಪಾ! ನನ್ನ ಬ್ಯಾಗ್ ನೋಡಿದ್ಯಾ?"

ವ್ಯಾನಿನ ಗಾಜು ಒರೆಸುತ್ತಿದ್ದ ಡ್ರೈವರ್ ಜುಂಜಪ್ಪ ತಲೆಯೆತ್ತಿದ. "ಇಲ್ವಲ್ಲ ಮೇಡಂ. ನಾನು ಇಲ್ಲೇ ನಿಂತಿವ್ನಿ. ಈ ದಾರೀಲಿ ಒಂದು ನರಪಿಳ್ಳೇನೂ ಬರ್ಲಿಲ್ಲ."

ಆ ಮಾತೇ ಅವನ ಕೊರಳಿಗೆ ಉರುಳಾಯಿತು. ಬಂಡೆಗೆ ಇದ್ದದ್ದು ಒಂದೇ ಕಾಲುದಾರಿ. ಉಳಿದ ಕಡೆಯೆಲ್ಲ ಸಮುದ್ರ. ದಾರಿಯ ಬಾಯಲ್ಲಿ ನಿಂತಿದ್ದವನು ಜುಂಜಪ್ಪನೊಬ್ಬನೇ. ಬೇರೆ ಯಾರೂ ಬರಲಿಲ್ಲ ಅಂದರೆ ಕದ್ದವರು ಯಾರು?

ಕುಂದಾಪುರದ ಆಚೆ ಹುಟ್ಟಿದ ಈ ಪ್ರಶ್ನೆ ಮಾರನೆಯ ಸಂಜೆ ಕಾರು ಹತ್ತಿಕೊಂಡು, ಶಿರಾ ಸೀಮೆಯ ಹುಲಿಕುಂಟೆ ಪಕ್ಕದ ಗೊಲ್ಲರ ಹಟ್ಟಿಗೆ ಬಂತು.

ಹಟ್ಟಿಯಲ್ಲಿ ಜುಂಜಪ್ಪನ ಸೋದರತ್ತೆ ಪುಟ್ಟಕ್ಕ ಇದ್ದಳು. ಮಧುಗಿರಿ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾಗಿ, ಈಗ ತಮ್ಮನ ಜೊತೆ ಕುರಿ ಸಾಕಿಕೊಂಡಿದ್ದಳು. ಸಿಟ್ಟು ಮೂಗಿನ ತುದಿಯಲ್ಲೇ. ಅವಳು ನೌಕರಿಯಲ್ಲಿದ್ದಾಗ ಕಳ್ಳರಿಗಿಂತ ಸಾಹೇಬರುಗಳೇ ಅವಳಿಗೆ ಹೆಚ್ಚು ಹೆದರುತ್ತಿದ್ದರು ಎಂದು ಜನ ಆಡಿಕೊಳ್ಳುತ್ತಿದ್ದರು.

ಆವತ್ತು ಅವಳಿಗೆ ಇನ್ನೊಂದು ಚಿಂತೆ. ಮಾರನೆಯ ದಿನವೇ ಜುಂಜಪ್ಪ ಸರ್ಕಾರಿ ಬಸ್ಸಿನ ಚಾಲಕನಾಗಿ ಕೆಲಸಕ್ಕೆ ಸೇರಬೇಕು. ಕಳ್ಳತನದ ಕೇಸು ಬಿದ್ದರೆ? ಆ ಕೆಲಸ ಅಲ್ಲಿಗೇ ಮುಗಿಯಿತು.

ಬಂದವರು ಮೂವರು, ಜುಂಜಪ್ಪನ ವ್ಯಾನಿನಲ್ಲಿ ಚಿತ್ರ ತೆಗೆಯಲು ಕಡಲಿಗೆ ಹೋಗಿದ್ದವರು. ಮಧುಗಿರಿಯ ಹವ್ಯಾಸಿ ಛಾಯಾಗ್ರಾಹಕರ ಕೂಟದ ಹಿರಿಯರು, ನಿವೃತ್ತ ಉಪನ್ಯಾಸಕ ಚಂದ್ರಶೇಖರಯ್ಯ. ಗೊಬ್ಬರದ ಅಂಗಡಿಯ ನಾಗಭೂಷಣ್, ಕಾರು ಅವನದು. ಮತ್ತೆ ಲೋಹಿತಾ, ಅತ್ತು ಅತ್ತು ಕಣ್ಣು ಊದಿಸಿಕೊಂಡು. ಒಳಗೆ ದೇವರ ಗುಡಿಯಿತ್ತು. ಹಟ್ಟಿಯ ಪದ್ಧತಿಯಂತೆ ಮೂವರೂ ಮುಳ್ಳುಬೇಲಿಯ ಹೊರಗೆ ಪಾದರಕ್ಷೆ ಕಳಚಿ ಬಂದರು.

"ನೋಡಮ್ಮ, ನಾಳೆ ಬೆಳಿಗ್ಗೆವರೆಗೆ ಟೈಮು," ನಾಗಭೂಷಣ್ ಕೂರುವ ಮೊದಲೇ ಶುರುಮಾಡಿದ. "ಕ್ಯಾಮೆರಾ ಬಂದ್ರೆ ಸರಿ. ಇಲ್ಲಾಂದ್ರೆ ಕಂಪ್ಲೇಂಟು."

"ಕೂತ್ಕಳಪ್ಪ. ಕಂಪ್ಲೇಂಟು ಓಡೋಗಲ್ಲ," ಪುಟ್ಟಕ್ಕ ಚಾಪೆ ಒದರಿದಳು. "ಲೇ ಜುಂಜ, ಮೂಲೇಲಿ ಯಾಕ್ಲಾ ಮುದುರ್ಕೊಂಡಿದ್ದೀಯ? ಕದ್ದಿದ್ದೀಯಾ?"

"ನಮ್ಮ ಸ್ವಾಮಿ ಆಣೆಗೂ ಇಲ್ಲ ಕಣತ್ತೆ."

"ಹಂಗಾದ್ರೆ ನೆಟ್ಟಗೆ ಕೂತ್ಕ."

ಅವಳು ಲೋಹಿತಾಳ ಕಡೆ ತಿರುಗಿದಳು. "ಬ್ಯಾಗು ಎಲ್ಲಿಟ್ಟಿದ್ದೆ? ನೀನೆಲ್ಲಿದ್ದೆ?"

"ಬಂಡೆ ಹಿಂಭಾಗದಲ್ಲಿ, ಒಣಗಿದ ಕಡೆ. ಚಪ್ಪಲಿ ವ್ಯಾನಿನ ಹತ್ರಾನೇ ಬಿಟ್ಟು ಬರಿಗಾಲಲ್ಲಿ ಹೋಗಿದ್ದೆ. ಮೇಷ್ಟ್ರು ಕಾಫಿಗೆ ಕರೆದ್ರು, ಬಂದೆ."

"ಮೇಷ್ಟ್ರೇ, ನೀವು?"

"ನಾನು ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಈ ವಯಸ್ಸಲ್ಲಿ ನೀರಿನ ಸಹವಾಸ ಯಾಕೆ? ಚಪ್ಪಲಿಯ ಅಂಗಾಲೂ ನೆನೆದಿಲ್ಲ."

"ನೀನಪ್ಪ?"

"ನಾನು ಅಲ್ಲಿರ್ಲೇ ಇಲ್ಲ," ನಾಗಭೂಷಣ್ ಹೇಳಿದ. "ತಲೆನೋವು. ಲಾಡ್ಜಲ್ಲಿ ಮಲಗಿದ್ದೆ."

"ಹಿಂದಿನ ಸಂಜೆ ನೀರಿಗಿಳಿದಿದ್ಯಾ?"

"ಇಲ್ಲಪ್ಪ! ಹೊಸ ಶೂ ಹಾಳಾಗುತ್ತೆ ಅಂತ ರಸ್ತೆ ಮೇಲೆ ನಿಂತೇ ಫೋಟೋ ತೆಗೆದೆ. ಸಂಜೆನೂ ಇಳಿದಿಲ್ಲ, ಬೆಳಿಗ್ಗೆನೂ ಇಳಿದಿಲ್ಲ. ಬೇಕಾದ್ರೆ ಇವರನ್ನೇ ಕೇಳು."

ಇಬ್ಬರೂ ತಲೆಯಾಡಿಸಿದರು. ಸಂಜೆ ಅವನು ರಸ್ತೆಯಿಂದ ಕೆಳಗಿಳಿದದ್ದನ್ನು ಅವರು ನೋಡಿರಲಿಲ್ಲ.

ಪುಟ್ಟಕ್ಕ ಜುಂಜಪ್ಪನ ಕಡೆ ತಿರುಗಿದಳು. "ಬಂಡೆ ಸುತ್ತ ನೀರು ಎಷ್ಟಿತ್ತು? ಆಳವೋ?"

"ಮೊಣಕಾಲುದ್ದ," ಅಂದ ಜುಂಜಪ್ಪ. "ಆದ್ರೆ ಕಲ್ಲಿಗೆಲ್ಲ ಚಿಪ್ಪು ಅಂಟ್ಕೊಂಡವೆ ಕಣತ್ತೆ, ಬ್ಲೇಡು ಇದ್ದಂಗೆ. ಬರಿಗಾಲಲ್ಲಿ ಹೋದ್ರೆ ಪಾದ ಸೀಳೋಯ್ತದೆ."

"ಅಂದ್ರೆ ಕಾಲಿಗೆ ಏನಾದ್ರೂ ಹಾಕ್ಕೊಂಡ್ರೆ ಹೋಗ್ಬೌದು?"

"ಸುಮ್ನೆ ಟೈಂ ವೇಸ್ಟು!" ನಾಗಭೂಷಣ್ ಎದ್ದ. "ಅತ್ತೆ ಅಳಿಯ ಸೇರಿ ನಾಟಕ ಆಡ್ತಿದ್ದೀರಾ? ಇವನ ವ್ಯಾನು ಹುಡುಕಿದ್ವಿ, ಸಿಗ್ಲಿಲ್ಲ. ಪೊದೇಲಿ ಬಚ್ಚಿಟ್ಟು ಯಾರಿಗೋ ದಾಟಿಸಿದ್ದಾನೆ. ಕುರಿ ಕಾಯೋರಿಗೆ ಕ್ಯಾಮೆರಾ ಬೆಲೆ ಏನ್ ಗೊತ್ತು?"

ಜುಂಜಪ್ಪನ ಮುಖ ಕಪ್ಪಿಟ್ಟಿತು. ಪುಟ್ಟಕ್ಕನ ಕೈ ಪಕ್ಕದಲ್ಲಿದ್ದ ಕೋಲಿನ ಮೇಲೆ ಹೋಯಿತು. ಬಾರಿಸಿಬಿಡುತ್ತಿದ್ದಳೋ ಏನೋ, ಅಷ್ಟರಲ್ಲಿ ಬೇಲಿಯ ಹೊರಗೆ ಧೂಳೆದ್ದಿತು. ಮೇವಿಗೆ ಹೋಗಿದ್ದ ಮಂದೆ ಮರಳುತ್ತಿತ್ತು.

ದಿನವೂ ನೇರ ರೊಪ್ಪಕ್ಕೆ ನುಗ್ಗುವ ಕುರಿಗಳು ಇಂದು ಬೇಲಿಯ ಬಾಯಲ್ಲೇ ಗುಂಪುಗೂಡಿ ನಿಂತವು. ಒಂದರ ಮೇಲೊಂದು ಬಿದ್ದು, ಕೊಂಬಿನಿಂದ ಗುದ್ದಾಡಿಕೊಂಡು, ನೆಲದಲ್ಲೇನನ್ನೋ ನೆಕ್ಕುತ್ತಿದ್ದವು.

"ಏಯ್! ನನ್ನ ಶೂ!" ನಾಗಭೂಷಣ್ ಕೂಗಿಕೊಂಡು ಓಡಿದ.

ಪುಟ್ಟಕ್ಕನೂ ಎದ್ದು ಹೋದಳು. ನಿಂತು ನೋಡಿದಳು. ಕೋಲನ್ನು ಕೆಳಗೆ ಹಾಕಿದಳು.

"ಸಿಕ್ಬುಟ್ಟ," ಅಂದಳು.

"ಯಾರಮ್ಮ?" ಚಂದ್ರಶೇಖರಯ್ಯ ಹಿಂದೆಯೇ ಬಂದರು.

"ನೋಡಿ ಮೇಷ್ಟ್ರೇ. ಮೂರು ಜೊತೆ ಬಿದ್ದವೆ. ನಿಮ್ಮ ಚಪ್ಪಲಿ ಕಡೆ ಒಂದು ಕುರಿನೂ ತಿರುಗಿ ನೋಡ್ತಿಲ್ಲ. ಈ ಹುಡುಗೀದೂ ಅಂಗೇ ಬಿದ್ದೈತೆ. ಇವನ ಶೂ ಮಾತ್ರ ಯಾಕೆ ಹಿಂಗೆ ನೆಕ್ತಾವೆ?"

ಮೇಷ್ಟ್ರು ಬಗ್ಗಿ ಶೂಗಳನ್ನು ದಿಟ್ಟಿಸಿದರು.

"ಉಪ್ಪು!" ಪುಟ್ಟಕ್ಕ ಗುಡುಗಿದಳು. "ಕುರಿಗೆ ಉಪ್ಪು ಅಂದ್ರೆ ಪ್ರಾಣ. ಅಮಾಸೆಗೊಂದ್ಸಲ ಕಲ್ಲಿನ ಮೇಲೆ ಸುರಿದು ನೆಕ್ಕಿಸ್ತೀವಿ. ಈ ಸಲದ್ದು ಇನ್ನೂ ಕೊಟ್ಟಿಲ್ಲ, ಹಸಿದವೆ. ನೀರಿಗೆ ಇಳಿದೇ ಇಲ್ಲ ಅಂದ ಶೂಗೆ ಅಷ್ಟು ಉಪ್ಪು ಎಲ್ಲಿಂದ ಬಂತಪ್ಪ?"

"ಅದು... ಕಡಲ ಗಾಳಿ. ಗಾಳೀಲೂ ಉಪ್ಪಿರುತ್ತೆ."

"ಅದೇ ಗಾಳಿ ಮೇಷ್ಟ್ರ ಚಪ್ಪಲಿಗೆ ಬೀಸ್ಲಿಲ್ವಾ? ಜುಂಜ ಕಾವಲಿದ್ದ ದಾರೀಲಿ ನೀನು ಬರ್ಲಿಲ್ಲ. ಆಚೆ ಕಡೆಯಿಂದ ಶೂ ಹಾಕ್ಕೊಂಡೇ ನೀರಲ್ಲಿ ಬಂದೆ. ಚಿಪ್ಪಿಗೆ ಹೆದರಿ ಬಿಚ್ಚಲಿಲ್ಲ. ಆಮೇಲೆ ಲಾಡ್ಜಲ್ಲಿ ಬಿಸಿಲಿಗಿಟ್ಟು ಒಣಗಿಸ್ದೆ, ಅಲ್ವಾ? ನಮ್ಮ ಸೀಮೆ ಬುದ್ಧೀನೇ ಅದು. ಕೆರೆ ನೀರು ಒಣಗಿದ್ರೆ ಏನೂ ಉಳಿಯಲ್ಲ, ಒಣಗಿದ್ರೆ ಮುಗೀತು ಅನ್ಕೊಂಡೆ. ಕಡಲು ನೀನು ನೋಡಿದ್ದು ಫೋಟೋದಾಗೆ ಕಣಪ್ಪ! ಅದರ ನೀರು ಆರಿದ್ರೂ ಉಪ್ಪು ಆರಲ್ಲ!"

ನಾಗಭೂಷಣ್ ಕುರಿಗಳ ಬಾಯಿಂದ ಶೂಗಳನ್ನು ಕಿತ್ತುಕೊಂಡ.

"ಯಾಕೆ ಮಾಡಿದೆಯೋ?" ಚಂದ್ರಶೇಖರಯ್ಯನವರು ಕೇಳಿದರು.

"ನೀವೇ!" ಅವನು ತಟ್ಟನೆ ಸಿಡಿದ. "ವರ್ಷ ವರ್ಷವೂ ಕೂಟದ ಪ್ರದರ್ಶನದ ಬಾಗಿಲಲ್ಲಿ ನನ್ನ ಚಿತ್ರ ಹಾಕ್ತಿದ್ರಿ. ಮೊನ್ನೆ ಸಂಜೆ ಇವಳ ಕ್ಯಾಮೆರಾ ನೋಡಿ ಏನಂದ್ರಿ? 'ನಾಗಭೂಷಣ್ ಇಷ್ಟು ವರ್ಷ ತೆಗೆದದ್ದು ನೀರು, ಕಡಲು ತೆಗೆದವಳು ಇವಳು' ಅಂತ ಎಲ್ಲರೆದುರಿಗೆ ಅಂದ್ರಿ! ಮಾರೋಕೆ ತಗೊಳ್ಳಲಿಲ್ಲ. ಈ ಸಲದ ಪ್ರದರ್ಶನ ಮುಗಿದ್ಮೇಲೆ ಕೊಟ್ಬಿಡೋಣ ಅಂತಿದ್ದೆ."

"ಅಲ್ಲಿವರ್ಗೂ ನನ್ನ ಹುಡುಗ ಜೈಲಲ್ಲಿ ಕೊಳೀಬೇಕಿತ್ತಾ? ಎಲ್ಲೈತೆ?"

ಅವನು ಕಾರಿನ ಕಡೆ ನೋಡಿದ. ಜುಂಜಪ್ಪ ಹೋಗಿ ಡಿಕ್ಕಿ ತೆಗೆದ. ಗೊಬ್ಬರದ ಖಾಲಿ ಚೀಲಗಳ ಕೆಳಗೆ, ಟ್ರೈಪಾಡಿನ ಉದ್ದನೆಯ ಚೀಲದೊಳಗೆ ಲೋಹಿತಾಳ ಬ್ಯಾಗಿತ್ತು.

ಅವಳು ಅದನ್ನು ಎದೆಗೊತ್ತಿಕೊಂಡು ಜುಂಜಪ್ಪನ ಮುಂದೆ ನಿಂತಳು. "ತಪ್ಪಾಯ್ತು ಜುಂಜಪ್ಪ. ನಾನೂ ನಂಬಿಬಿಟ್ಟೆ."

ಚಂದ್ರಶೇಖರಯ್ಯನವರು ಪುಟ್ಟಕ್ಕನಿಗೆ ಕೈಮುಗಿಯಲು ಹೋದರು.

"ನಂಗಲ್ಲ ಮೇಷ್ಟ್ರೇ. ಕಳ್ಳ ಅಂದಿದ್ದು ಅವನ್ನ. ಅವನಿಗೆ ಮುಗೀರಿ."

ಅವರು ಮುಗಿದರು. ನಾಗಭೂಷಣ್ ನೆಕ್ಕಿಸಿಕೊಂಡ ಶೂಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಕಾರು ಹತ್ತಿ ಹೊರಟುಹೋದ. ಅವನ ಜೊತೆ ಯಾರೂ ಹತ್ತಲಿಲ್ಲ.

ಜುಂಜಪ್ಪ ಬೇಲಿಯ ಹೊರಗೆ ನಿಲ್ಲಿಸಿದ್ದ ವ್ಯಾನಿನ ಬೀಗದಕೈ ತೆಗೆದುಕೊಂಡ. "ಬನ್ನಿ ಮೇಷ್ಟ್ರೇ, ಬನ್ನಿ ಮೇಡಂ. ಮಧುಗಿರಿಗೆ ಬುಟ್ಟು ಬತ್ತೀನಿ."

"ಥೂ ನಿನ್ನ! ಮಾನ ಕಳೆಯಾಕೆ ಬಂದೋರ್ನ ಹೊತ್ಕೊಂಡು ಹೋಯ್ತೀಯಾ?" ಪುಟ್ಟಕ್ಕ ರೇಗಿದಳು.

ಜುಂಜಪ್ಪ ಸ್ಟಿಯರಿಂಗ್ ಹಿಡಿದು ಕೂತ. "ನಾಳೆಯಿಂದ ಸರ್ಕಾರಿ ಬಸ್ಸು ಕಣತ್ತೆ. ಯಾರು ಕೈ ಅಡ್ಡ ಹಾಕಿದ್ರೂ ಹತ್ತಿಸ್ಕೋಬೇಕು. ಇವತ್ತೇ ರೂಢಿ ಮಾಡ್ಕೊಳ್ತೀನಿ ಬುಡು."