ಸಾಲಪತ್ರದ ಅಂಕುಡೊಂಕು ಸಹಿ

ಮಂಗಳವಾರ ಮಧ್ಯಾಹ್ನ ಎರಡೂ ಹತ್ತಕ್ಕೆ, ಫ್ಯಾನಿನ ಜೊತೆ ಠಾಣೆಯೂ ತೂಕಡಿಸುತ್ತಿದ್ದಾಗ, ದರ್ಜಿಯೊಬ್ಬ ಸರ್ಕಾರಿ ಸಾಲಪತ್ರ ಹಿಡಿದು ಬಂದ. ಮೂರು ವರ್ಷದ ಅವಧಿ ಮುಗಿಯಿತೆಂದು, ಹೂಡಿದ ಹಣ ಕೇಳಲು ಕೊಂಡೊಯ್ದರೆ, ಅದರಲ್ಲಿನ ಅಧಿಕಾರಿಯ ಸಹಿ ನಕಲಿ ಎಂದು ಕಚೇರಿಯವರು ಅವನನ್ನೇ ಕಳ್ಳನಂತೆ ನೋಡಿದರಂತೆ. ಎಫ್‌ಐಆರ್ ದಾಖಲಾಯಿತು.

ಬುಧವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರೂ ದಫೇದಾರನೂ ಸಾಲಪತ್ರ ಕಚೇರಿಗೆ ಹೋದರು. ಎತ್ತರದ ಕಿಟಕಿಯಿಂದ ಇಳಿದ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಅಲ್ಲಿ ಗಡಿಯಾರಕ್ಕೂ ಜೊಂಪು ಹತ್ತಿತ್ತೋ ಏನೋ. ನಿಯಮ ಮಾತ್ರ ಎಚ್ಚರವಾಗಿತ್ತು: ಪ್ರತಿ ಪತ್ರಕ್ಕೂ ಅಧಿಕಾರಿ ಸ್ವಂತ ಕೈಯಲ್ಲೇ ಸಹಿ ಹಾಕಬೇಕು. ಮೊಹರು ನಡೆಯದು. ಕೈಲಾಗದವನು ಕುರ್ಚಿ ಬಿಡಬೇಕು. ಈ ಅಧಿಕಾರಿಯ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಈಗ ಕುರ್ಚಿ ಹೋದರೆ ಪೂರ್ತಿ ಪಿಂಚಣಿಯೂ ಹೋಗುತ್ತಿತ್ತು.

ವರ್ಷ ವರ್ಷವೂ ಹೊಸದಾಗಿ ತುಂಬುವ ಮಾದರಿ ಸಹಿಯ ಪುಸ್ತಕ ತಂದವಳು ಅಧಿಕಾರಿಯ ತಂಗಿ, ಅಲ್ಲೇ ದಫ್ತರ ನೋಡಿಕೊಳ್ಳುವವಳು. ಮಾದರಿ ಸಹಿ ಮುತ್ತು ಪೋಣಿಸಿದಂತಿತ್ತು. ದರ್ಜಿಯ ಪತ್ರದ್ದು ಅಂಕುಡೊಂಕು. ಅದನ್ನು ಕೊಟ್ಟ ವರ್ಷದ ಕಚೇರಿ ಪ್ರತಿಗಳನ್ನೆಲ್ಲ ತಿರುವಿದರೂ ಅಂಥ ಸಹಿ ಇನ್ನೊಂದಿರಲಿಲ್ಲ. ದರ್ಜಿಯ ಪತ್ರದ ತಾರೀಖಿನಂದು ಹೊರಟದ್ದು ಅದೊಂದೇ ಪತ್ರ. ದಫೇದಾರ ಹಾಜರಿ ಪುಸ್ತಕ ತೆಗೆದ. ಆವತ್ತು ರಜೆಯಲ್ಲಿದ್ದವಳು ತಂಗಿಯೊಬ್ಬಳೇ.

ಇನ್‌ಸ್ಪೆಕ್ಟರ್ ಅಧಿಕಾರಿಯ ಮುಂದೆ ಬಿಳಿ ಹಾಳೆ ಇಟ್ಟರು.

"ಒಂದು ಸಹಿ ಹಾಕಿ ಸಾರ್."

ಅಧಿಕಾರಿ ತಂಗಿಯತ್ತ ನೋಡಿದರು. ಪೆನ್ನು ಹಿಡಿದ ಕೈ ಗಡಗಡ ನಡುಗಿತು. ಹಾಳೆಯ ಮೇಲೆ ಮೂಡಿದ್ದು ದರ್ಜಿಯ ಪತ್ರದ್ದೇ ಸಹಿ. ಏನು ಹೇಳೋಣ ಈ ಫಜೀತಿಗೆ! ನಕಲಿ ಎಂದು ತಳ್ಳಿದ್ದೊಂದೇ ಅಸಲಿ. ಮಾದರಿಯೂ ಸೇರಿ ಉಳಿದದ್ದೆಲ್ಲ ನಕಲಿ.

"ಎಷ್ಟು ವರ್ಷದಿಂದ ಇವರ ಸಹಿ ಹಾಕ್ತಿದೀರಿ?" ಇನ್‌ಸ್ಪೆಕ್ಟರ್ ತಂಗಿಯನ್ನು ಕೇಳಿದರು.

"ನಾಲ್ಕು."

"ಇವರು ಹೇಳಿದ್ರಾ?"

"ಅಣ್ಣ ಬೇಡ ಅಂತಾನೇ ಇದ್ದ. ಚಿಕ್ಕವಳಿದ್ದಾಗ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ್ದು ಅವನೇ ಸಾರ್. ಅವನ ಕೈ ನಡುಗ್ತಿದ್ರೆ ನಾನು ಸುಮ್ನೆ ಕೂತಿರೋದಾ?"

ಇನ್‌ಸ್ಪೆಕ್ಟರ್ ಅವಳಿಗೊಂದು ಕುರ್ಚಿ ಎಳೆದುಕೊಟ್ಟರು. ಆದರೂ ಪಂಚನಾಮೆ ಬರೆಸಿದರು. ದರ್ಜಿಯ ಪತ್ರ ಅಸಲಿ ಎಂದು ಅದರಲ್ಲಿ ದಾಖಲಾಯಿತು. ಅಣ್ಣನ ಮೇಲಿನ ಕ್ರಮ ಇಲಾಖೆಗೆ ಬಿಟ್ಟದ್ದು. ನಾಲ್ಕೂವರೆಗೆ ತಂಗಿಯ ಬಂಧನ.

ಬಂಧನದ ಕಾಗದಕ್ಕೆ ಮನೆಯವರೊಬ್ಬರ ಸಹಿ ಬೇಕಿತ್ತು. ಅವಳಿಗಿದ್ದವನು ಅಣ್ಣನೊಬ್ಬನೇ. ಹೆಬ್ಬೆಟ್ಟು ಒತ್ತಿದರೂ ಆಗುತ್ತದೆ ಎಂದ ದಫೇದಾರ. ಅಧಿಕಾರಿ ತಲೆಯಲ್ಲಾಡಿಸಿ ಪೆನ್ನು ಕೇಳಿದರು.

ಸಹಿಗೆ ಮೂರು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಮೇಜಿನ ಆಚೆ ತಂಗಿಯ ತೋರುಬೆರಳು ಅವಳ ಮೊಣಕಾಲ ಮೇಲೆ ಅದೇ ಸಹಿ ಬರೆಯುತ್ತಿತ್ತು. ಕೊನೆಯ ಅಕ್ಷರಕ್ಕೆ ಬಂದು, ಅಣ್ಣ ಅಲ್ಲಿಗೆ ಮುಟ್ಟುವವರೆಗೂ ಕಾದಿತ್ತು.