ಹಗ್ಗ ಹರಿದದ್ದು ಯಾವ ಭಾರಕ್ಕೆ?

ಕಲ್ಲುಗಣಿಯ ಮೇಸ್ತ್ರಿ ಗುಕ್‌ನ ಮೇಲೆ ಹಗ್ಗ ಹರಿದು ಬಿದ್ದಿದ್ದ ಗ್ರಾನೈಟ್ ದಿಮ್ಮಿಯನ್ನು ಸರಿಸಿದಾಗ ಪೇದೆ ಟಾಕ್ ಮುಖ ತಿರುಗಿಸಿಕೊಂಡ. ಎದೆಯಿಂದ ಮೇಲಕ್ಕೆ ಗುರುತು ಹಿಡಿಯುವಂಥದ್ದೇನೂ ಉಳಿದಿರಲಿಲ್ಲ. ಯುದ್ಧದಲ್ಲಿ ಬೇಕಾದಷ್ಟು ಹೆಣ ಕಂಡವನೇ, ಆದರೂ ಗೋಣಿ ಹೊದಿಸಿದ ಮೇಲೆಯೇ ಮತ್ತೆ ಆ ಕಡೆ ನೋಡಿದ.

ಹೆಣಕ್ಕಿಂತ ಬದುಕಿದ್ದವರೇ ಅವನಿಗೆ ದೊಡ್ಡ ತಲೆನೋವಾಗಿದ್ದರು. ಹಗ್ಗ ಹೊಸೆಯುವ ವಿಧವೆ ನಾಮ್‌ಸುನ್‌ಳನ್ನು ಕಲ್ಲುಕುಟಿಗರು ಮನೆಯಿಂದ ದರದರನೆ ಎಳೆತಂದು, ಬಲಗೈಯನ್ನು ಬಂಡೆಯ ಮೇಲಿಟ್ಟು, ಸುತ್ತಿಗೆಯಲ್ಲಿ ಎರಡು ಬೆರಳು ಜಜ್ಜಿಬಿಟ್ಟಿದ್ದರು. ಕೊಳೆತ ಸೆಣಬಿನ ಹಗ್ಗ ಕೊಟ್ಟು ಮೇಸ್ತ್ರಿಯನ್ನು ಕೊಂದಳಂತೆ! ಟಾಕ್ ಬಂದಾಗ ಅವಳ ಮಣಿಕಟ್ಟನ್ನು ಅದುಮಿ ಹಿಡಿದಿದ್ದವನು ಕಲ್ಲೆತ್ತುವ ರಾಟೆ ತಿರುಗಿಸುವ ಬಾಂಗ್. ಗಾಳಿಯಲ್ಲಿ ಗುಂಡು ಹಾರಿಸಿದ ಮೇಲೆಯೇ ಅವನು ಕೈಬಿಟ್ಟದ್ದು. ಸಂಜೆಯೊಳಗೆ ತೀರ್ಮಾನವಾಗದಿದ್ದರೆ ಅವಳ ತಲೆಯನ್ನೂ ಹೀಗೇ ಜಜ್ಜುತ್ತೇವೆ ಎಂದು ಗುಂಪು ಟಾಕ್‌ನ ಮುಖಕ್ಕೇ ಹೇಳಿತು.

ಟಾಕ್ ಮೆಂಗ್ ಟೀಚರ್‌ಗೆ ಹೇಳಿಕಳಿಸಿದ. ಗಣಿಯ ಬುಡದಲ್ಲೇ ಮನೆ ಮಾಡಿಕೊಂಡು ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆಕೆ ಹಿಂದೆಯೂ ಅವನ ಮಾನ ಉಳಿಸಿದ್ದರು. ಠಾಣೆಯವರು ನಗುತ್ತಿದ್ದರು. ನಗಲಿ, ನಮ್ಮಪ್ಪನ ಗಂಟೇನು ಹೋಗುತ್ತೆ ಎನ್ನುತ್ತಿದ್ದ ಟಾಕ್.

ಟೀಚರ್ ಮೊದಲು ನಾಮ್‌ಸುನ್‌ಳ ಬೆರಳುಗಳಿಗೆ ಬಟ್ಟೆ ಸುತ್ತಿ, ಆಮೇಲೆ ಹರಿದ ಹಗ್ಗವನ್ನು ಕೈಗೆತ್ತಿಕೊಂಡರು. ಎಳೆಗಳು ಒಣಗಿ ಬೆಳ್ಳಗಿದ್ದವು, ಮೂಸಿದರೆ ಹೊಸ ಸೆಣಬಿನ ವಾಸನೆ. ಬೆಳಗ್ಗೆ ಇದೇ ಹಗ್ಗ ಈಗ ಬಿದ್ದ ಕಲ್ಲಿನ ಎರಡರಷ್ಟು ದೊಡ್ಡದನ್ನು ಎತ್ತಿತ್ತೆಂದು ಕುಟಿಗರೇ ಒಪ್ಪಿಕೊಂಡರು. ರಾಟೆಯ ಚಕ್ರ ಹಿಂದಕ್ಕೆ ತಿರುಗದಂತೆ ಅದರ ಹಲ್ಲಿಗೆ ಸಿಕ್ಕಿಸುವ ಕಬ್ಬಿಣದ ತಡೆಯೊಂದಿತ್ತು. ಚಕ್ರದ ಒಂದು ಹಲ್ಲು ಮುರಿದಿತ್ತು. ಮುರಿದ ಜಾಗಕ್ಕೆ ಇನ್ನೂ ತುಕ್ಕು ಹಿಡಿದಿರಲಿಲ್ಲ. ಮೇಲಿನ ಅಟ್ಟಣಿಗೆಯಲ್ಲಿದ್ದ ಮುದುಕನೊಬ್ಬ, ಕಲ್ಲು ಬೀಳುವ ಮುಂಚೆ ಚಕ್ರ ಗರ್ರನೆ ತಿರುಗಿ ಟಣ್ಣೆಂದದ್ದು ಕೇಳಿಸಿತೆಂದ.

ಬಾಂಗ್‌ನದು ಒಂದೇ ಮಾತು. "ತಡೆ ಹಾಕಿ ನಿಂತಿದ್ದೆ ಟೀಚರಮ್ಮ. ಕಲ್ಲು ಅಲ್ಲಾಡ್ದೆ ನೇತು ನಿಂತಿತ್ತು. ಹಗ್ಗ ತಾನಾಗೇ ಕಿತ್ತೋಯ್ತು."

ಸಂಜೆ ಟೀಚರ್ ಎಲ್ಲರನ್ನೂ ರಾಟೆಯ ಸುತ್ತ ಕೂರಿಸಿದರು. ನಾಮ್‌ಸುನ್‌ಳ ಬೆರಳು ಜಜ್ಜಿದ ಸುತ್ತಿಗೆಯನ್ನೇ ತರಿಸಿ, ಅದಕ್ಕೆ ಹೊಲಿಗೆ ದಾರ ಕಟ್ಟಿ ಬಾಂಗ್‌ನ ಕೈಗೆ ಕೊಟ್ಟರು. "ನಿಧಾನಕ್ಕೆ ಎತ್ತಪ್ಪ." ಅವನು ಎತ್ತಿದ, ದಾರ ತಡೆಯಿತು. ಟೀಚರ್ ಅದನ್ನು ಇಸಿದುಕೊಂಡು, ದಾರವನ್ನು ಒಂದು ಗೇಣು ಸಡಿಲ ಬಿಟ್ಟು ಗಪ್ಪನೆ ಹಿಡಿದರು. ದಾರ ಪಟ್ಟೆಂದು ಹರಿದು ಸುತ್ತಿಗೆ ಬಂಡೆಗೆ ಬಡಿಯಿತು. ನಾಮ್‌ಸುನ್ ಕೈಯನ್ನು ಎದೆಗೊತ್ತಿಕೊಂಡಳು.

"ಅದೇ ಸುತ್ತಿಗೆ, ಅದೇ ದಾರ," ಎಂದ ಟಾಕ್. "ಭಾರ ಎಲ್ಲಿಂದ ಜಾಸ್ತಿಯಾಯ್ತು?"

"ಭಾರ ಅಷ್ಟೇ ಇದೆ. ಬೀಳ್ತಿರೋದನ್ನ ಎಷ್ಟು ಬೇಗ ನಿಲ್ಲಿಸ್ತೀವೋ ಅಷ್ಟು ಜೋರಾಗಿ ಅದು ದಾರಾನ ಜಗ್ಗತ್ತೆ. ದ್ರವ್ಯರಾಶಿಯನ್ನ ವೇಗೋತ್ಕರ್ಷದಿಂದ ಗುಣಿಸಿದ್ರೆ ಬಲ ಅಂತ ನಮ್ಮ ಹುಡುಗೀರು ಬಾಯಿಪಾಠ ಒಪ್ಪಿಸ್ತಾರೆ. ಕಣ್ಣುಮುಚ್ಚಿ ಬಿಡೋದ್ರೊಳಗೆ ವೇಗ ಪೂರ್ತಿ ಇಳಿದ್ರೆ, ಚಿಕ್ಕ ಕಲ್ಲೂ ದೊಡ್ಡ ಬಂಡೆಗಿಂತ ಜಾಸ್ತಿ ಎಳೆಯತ್ತೆ."

ಆಮೇಲೆ ಒಂದೊಂದೇ ಬಿಡಿಸಿ ಹೇಳಿದರು. ಕಲ್ಲು ಅಲ್ಲಾಡದೆ ನಿಂತಿದ್ದರೆ ಬೆಳಗಿನ ಬಂಡೆ ಹೊತ್ತ ಹಗ್ಗ ಹರಿಯುತ್ತಿರಲಿಲ್ಲ, ಹಲ್ಲೂ ಮುರಿಯುತ್ತಿರಲಿಲ್ಲ. ಗುಕ್ ಕೆಳಗೆ ಬಗ್ಗಿದ್ದನ್ನು ನೋಡಿಕೊಂಡು ಬಾಂಗ್ ತಡೆ ಎತ್ತಿದ. ಮುದುಕ ಕೇಳಿದ ಗರ್ರೆನ್ನುವ ಸದ್ದು ಅದು. ಕಲ್ಲು ವೇಗ ಹಿಡಿಯುತ್ತಿದ್ದಂತೆ ತಡೆಯನ್ನು ಹಲ್ಲಿಗೆ ಬಡಿದ, ಟಣ್ಣೆಂದದ್ದು ಅದು; ಆ ಜಗ್ಗಿಗೇ ಹಲ್ಲು ಮುರಿದು ಹಗ್ಗ ಹರಿಯಿತು. ಸುಮ್ಮನೆ ಕಲ್ಲು ಬಿಟ್ಟಿದ್ದರೆ ರಾಟೆಯವನ ಕೊರಳಿಗೇ ಬರುತ್ತಿತ್ತು. ಹಗ್ಗ ಹರಿದರೆ ಮಾತ್ರ ಪಾಪವೆಲ್ಲ ಹೊಸೆದವಳ ತಲೆಗೆ.

ಬಾಂಗ್ ಅಲ್ಲಗಳೆಯಲಿಲ್ಲ. ಅವನ ತಮ್ಮ ಹೋದ ಚಳಿಗಾಲದಲ್ಲಿ ಇದೇ ಅಟ್ಟಣಿಗೆಯಿಂದ ಬಿದ್ದು ಸತ್ತದ್ದು ಟಾಕ್‌ಗೆ ನೆನಪಾಯಿತು. ಕಾಲು ಜಾರಿತು ಎಂದು ಆಗ ಎಲ್ಲರೂ ಸಾಕ್ಷಿ ಹೇಳಿದ್ದರು, ಟಾಕ್ ನಂಬಿದ್ದ.

"ಗುಕ್ ಒದ್ದ," ಎಂದ ಬಾಂಗ್, ಗುಂಪಿನ ಕಡೆ ತಿರುಗಿ. "ನೀವೆಲ್ಲ ನೋಡಿದ್ರಿ. ಅವತ್ತು ಒಬ್ಬನಾದ್ರೂ ಸುತ್ತಿಗೆ ಎತ್ತಿದ್ರಾ?"

ಒಬ್ಬ ತನ್ನ ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿದ. ಟಾಕ್‌ಗೆ ನಾಚಿಕೆಯಾಯಿತು, ಬಾಂಗ್‌ನ ಮೇಲೆ ಮರುಕವೂ ಬಂತು.

"ಅದಕ್ಕೆ ಇವಳ ಕೈ ಹಿಡ್ಕೊಟ್ಯಾ?" ಎಂದರು ಟೀಚರ್.

ಬಾಂಗ್ ತಾನಾಗೇ ಎರಡೂ ಕೈ ಮುಂದೆ ಚಾಚಿದ. ಟಾಕ್ ಬೇಡಿಗಾಗಿ ಸೊಂಟ ತಡಕಿದ. ಗಡಿಬಿಡಿಯಲ್ಲಿ ಠಾಣೆಯಲ್ಲೇ ಬಿಟ್ಟು ಬಂದಿದ್ದ. ಆಗ ನಾಮ್‌ಸುನ್ ಎದ್ದು, ಹರಿದ ಹಗ್ಗದ ಉದ್ದನೆಯ ತುಂಡನ್ನು ಎಡಗೈಯಲ್ಲಿ ತಂದು ಬಾಂಗ್‌ನ ಮಣಿಕಟ್ಟುಗಳಿಗೆ ಸುತ್ತಿದಳು. ಬಲಗೈ ಆಗದೆ ಹಲ್ಲಿನಿಂದಲೇ ಗಂಟು ಬಿಗಿದಳು.

"ಕರ್ಕೊಂಡು ಹೋಗಿ ಟಾಕಣ್ಣ," ಎಂದಳು. "ಕಿತ್ತೋಗಲ್ಲ."