ಎಡಗಾಲಿನ ಮದ್ದು

ಸಂಗು ಮೊದಲ ಸಲ ಆ ಮನೆಯ ಬಾಗಿಲಿಗೆ ಬಂದಾಗ ಕುಡುಗೋಲಿನ ಹಾಗೆ ಬಾಗಿದ್ದ. ಒಂದು ಕೈ ಸೊಂಟದ ಮೇಲೆ, ಮುಖ ನೆಲದ ಕಡೆ. ಹಾಗಾಗಿ ಬಾಗಿಲು ತೆರೆದ ಸೌಭಾಗ್ಯಳಲ್ಲಿ ಅವನಿಗೆ ಮೊದಲು ಕಂಡದ್ದು ಮುಖವಲ್ಲ, ಪಾದ.

"ಬೆನ್ನಿಗೆ ಹಿಡದ ಚಳಕು ತಗೀತಾರಂತಲ್ಲ, ಆ ಅಜ್ಜಿ ಅದಾರೇನ್ರಿ?" ಎಂದು ಅವನು ಆ ಪಾದಗಳನ್ನೇ ಕೇಳಿದ.

"ಅಜ್ಜಿ ಇಲ್ರಿ. ತಗಿಯಾಕಿ ನಾನ ಅದೀನಿ."

ಅವನು ತಲೆ ಎತ್ತಲು ನೋಡಿದ. ಬೆನ್ನು ಬಿಡಲಿಲ್ಲ. "ದನಿ ಕೇಳಿದ್ರ ಅಜ್ಜಿ ಅನ್ಸೂದಿಲ್ಲ ಬಿಡ್ರಿ. ಮೊದ್ಲ ನನ್ನ ನೆಟ್ಟಗ ಮಾಡ್ರಿ, ಆಮ್ಯಾಲ ಖಾತ್ರಿ ಮಾಡ್ಕೋತೀನಿ."

ಒಳಗಿದ್ದ ತಾಯಿ ಗುರುಬಸವ್ವನಿಗೆ ಕೇಳಬಾರದೆಂದು ಸೌಭಾಗ್ಯ ಸೆರಗು ಕಚ್ಚಿ ನಕ್ಕಳು.

ಅವಳು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರ ಎಡಗಾಲು ತಾಗಿದರೆ ಹಿಡಿದ ಬೆನ್ನು ಬಿಡುತ್ತದೆ ಎಂದು ತಿಕೋಟಾ ಸೀಮೆಯವರು ನಂಬುತ್ತಾರೆ. ದ್ರಾಕ್ಷಿ ಪಡದಲ್ಲಿ ದಿನವಿಡೀ ಕೈ ಮೇಲೆತ್ತಿ ಕತ್ತರಿ ಆಡಿಸಿದವರು, ಕುರಿಮರಿ ಎತ್ತಲು ಬಗ್ಗಿ ಹಾಗೇ ಉಳಿದವರು, ಎಲ್ಲರೂ ಬಿಜ್ಜರಗಿಯ ಆ ಮನೆಯ ಕಟ್ಟೆಯ ಮೇಲೆ ಬೋರಲು ಬಂದು ಮಲಗುತ್ತಿದ್ದರು. ಅವಳು ಸೊಂಟದಿಂದ ಮೇಲಕ್ಕೆ ಎಡಗಾಲನ್ನು ಮೆಲ್ಲಗೆ ಎಳೆಯುತ್ತಿದ್ದಳು. ಆಮೇಲೆ ಗುರುಬಸವ್ವ ಔಡಲೆಣ್ಣೆ ಸವರಿದ ಎಕ್ಕೆಯ ಎಲೆ ಬಿಸಿ ಮಾಡಿ ಹಚ್ಚಿ, ಹುರಿದ ಉಪ್ಪಿನ ಗಂಟಿನಿಂದ ಕಾವು ಕೊಡುತ್ತಿದ್ದಳು. ಒಬ್ಬ ಆಡಿನ ವ್ಯಾಪಾರಿ ನಾಲ್ಕು ಕಾಲಿನ ಮೇಲೆ ಬಂದು ಎರಡು ಕಾಲಿನ ಮೇಲೆ ಹೋದನಂತೆ. ಬರುವಾಗ ಅವನ ಆಡುಗಳೇ ಅವನನ್ನು ತಮ್ಮವನೆಂದು ಮೂಸಿ ನೋಡಿದ್ದವಂತೆ. ಗುಣ ಮಾಡಿದ್ದು ಕಾಲೋ, ಎಣ್ಣೆಯೋ, ಕಾವೋ ಎಂದು ಯಾರೂ ಕೇಳುತ್ತಿರಲಿಲ್ಲ. ಬೆನ್ನು ಬಿಟ್ಟರೆ ಸಾಕಿತ್ತು.

ಸಂಗುವಿನ ಬೆನ್ನೂ ಬಿಟ್ಟಿತು. ಎದ್ದು ನಿಂತು ಅವಳ ಮುಖವನ್ನು ಸಾವಕಾಶವಾಗಿ ನೋಡಿದ, ಸಂತೆಯಲ್ಲಿ ಕಳೆದುಹೋದದ್ದು ಸಿಕ್ಕವನ ಹಾಗೆ.

"ಅಜ್ಜಿ ಅಲ್ಲ," ಎಂದ.

ಅವನು ಬಬಲೇಶ್ವರದವನು. ತಿಕೋಟಾ ಕಡೆಯ ಶೆಡ್ಡುಗಳಿಂದ ಒಣದ್ರಾಕ್ಷಿ ಬಾಕ್ಸುಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ವಿಜಯಪುರಕ್ಕೆ ಒಯ್ಯುವುದು ಅವನ ಕೆಲಸ. ಹೇರುವವನೂ ಅವನೇ, ಇಳಿಸುವವನೂ ಅವನೇ. ಆ ವಾರದಿಂದ ಅವನ ಬೆನ್ನಿಗೆ ಪ್ರತಿ ಸೋಮವಾರ ತಪ್ಪದೆ ಚಳಕು ಹಿಡಿಯತೊಡಗಿತು.

"ಈ ಸಲ ಹೆಂಗಾತು?" ಎಂದು ಸೌಭಾಗ್ಯ ಕೇಳುತ್ತಿದ್ದಳು.

"ಬಬಲೇಶ್ವರ ಸಂತಿಯಾಗ ಒಂದು ಬದನಿಕಾಯಿ ಎತ್ತಾಕ ಹೋದ್ನಿರಿ. ಎಂಥಾ ಬದನಿಕಾಯಿ ಅಂತೀರಿ. ಅದರ ನೆಳ್ಳಾಗ ಎರಡು ಜೀಪು ನಿಂತಿದ್ದವು. ತೊಟ್ಟು ಹಿಡದು ಜಗ್ಗಿದ್ದಷ್ಟ ನೆನಪು."

ಅವನದು ಸೋಗು ಎಂದು ಅವಳಿಗೆ ಗೊತ್ತಿತ್ತು. ಚಳಕು ಹಿಡಿದವನು ಬಗ್ಗಿ ಚಪ್ಪಲಿ ಬಿಡಲಾರ. ಇವನು ಬಗ್ಗಿ ಅಂಗಳದ ಆಡಿನ ಮರಿಯನ್ನು ಎತ್ತಿಕೊಂಡು ಮುದ್ದು ಮಾಡಿ, ನೆನಪಾದ ಮೇಲೆ "ಯವ್ವಾ" ಎಂದು ಸೊಂಟ ಹಿಡಿದುಕೊಳ್ಳುತ್ತಿದ್ದ. ಅವಳು ನೋಡಿದರೂ ನೋಡದ ಹಾಗೆ ಕಾಲು ತೊಳೆದುಕೊಂಡು ಬರುತ್ತಿದ್ದಳು. ಸೋಮವಾರ ಬೆಳಿಗ್ಗೆ ಮಾತ್ರ ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೊಳೆಯುವುದನ್ನು ಗುರುಬಸವ್ವ ಕಂಡಿದ್ದಳು.

ಬೋರಲು ಮಲಗಿದವನ ಕಣ್ಣು ಅವಳ ಬಲಗಾಲಿನ ಮೇಲೆ ಇರುತ್ತಿತ್ತು. ಎಡಗಾಲು ಬೆನ್ನಿನ ಮೇಲೆ ಓಡಾಡುವಾಗ ಬಲಗಾಲಿನ ಬೆರಳುಗಳು ನೆಲವನ್ನು ಬಿಗಿಯಾಗಿ ಹಿಡಿಯುತ್ತಿದ್ದವು.

"ಈ ಬೆರಳು ಬರಿದು ಐತಲ್ಲ," ಎಂದ ಒಂದು ದಿನ.

"ಯಾವ ಬೆರಳ್ರಿ?"

"ಕಾಲುಂಗರ ಹಾಕೂ ಬೆರಳು."

ಬೆನ್ನಿನ ಮೇಲಿದ್ದ ಪಾದ ಅಲ್ಲೇ ನಿಂತಿತು. ಅವಳ ಪಾದ ಬಿಸಿಯಾದದ್ದು ಅವನಿಗೆ ಅಂಗಿಯೊಳಗಿಂದ ಗೊತ್ತಾಗಿರಬೇಕು, ಏಕೆಂದರೆ ಅವನೂ ಉಸಿರು ಹಿಡಿದಿದ್ದ.

"ಅದನ್ನ ಹಾಕಿದವರಿಗೆ ನನ್ನ ಕಾಲಿನ ಮದ್ದು ಸಿಗೂದಿಲ್ಲ," ಎಂದಳು ಸೌಭಾಗ್ಯ. "ಗಂಡಗ ಹೆಂಡ್ತಿ ಕಾಲು ಹಚ್ಚಬಾರದು. ಆಮ್ಯಾಲ ಚಳಕು ಹಿಡದ್ರ ಏನ ಮಾಡ್ತೀರಿ?"

"ಹಿಡದ್ರ ಹಿಡೀಲಿ. ಕುಡುಗೋಲ ಆಗಿ ಮನ್ಯಾಗ ಇರ್ತೀನಿ. ಹುಲ್ಲರೆ ಕೊಯ್ಯಾಕ ಬರ್ತೈತಿ ನಿಂಗ."

ಆ ದಿನದಿಂದ ಅವನು ಅವಳನ್ನು 'ನೀ' ಎಂದ. ಅವಳು 'ರೀ' ಬಿಡಲಿಲ್ಲ. ಬಿಡದೇ ಇದ್ದದ್ದರಲ್ಲೇ ಅವನಿಗೆ ಉತ್ತರ ಸಿಕ್ಕಿತ್ತು. ಮುಂದಿನ ಗುರುವಾರ ಹಿರಿಯರು ಬಂದು ಹೆಣ್ಣು ಕೇಳುವುದೆಂದು ಎರಡೂ ಮನೆಗಳಲ್ಲಿ ಮಾತಾಯಿತು.

ಅದಕ್ಕೆ ಮುಂಚಿನ ಸೋಮವಾರ ಪಿಕಪ್ಪು ಬಂದು ನಿಂತಿತು. ಸಂಗು ಕೂಡಲೇ ಇಳಿಯಲಿಲ್ಲ. ಆಮೇಲೆ ಬಾಗಿಲು ಹಿಡಿದುಕೊಂಡು ಇಳಿದ. ಮುಖದ ಮೇಲೆ ಬೆವರು.

"ಇವತ್ತ ಏನ ಕಥಿ?" ಎಂದಳು ಸೌಭಾಗ್ಯ.

"ನನ್ನ ಬಲಗಾಲು ಎಲ್ಲೋ ಇಳದು ಹೋಗೈತಿ ಬೇ. ತಿಕೋಟಾ ಬಸ್‌ಸ್ಟ್ಯಾಂಡಿನಾಗ ಚಾ ಕುಡ್ಯಾಕ ನಿಂತಿರಬೇಕು. ಬ್ರೇಕ್ ಮ್ಯಾಲ ಕಾಲು ಐತೋ ಇಲ್ಲೋ ಅಂತ ಬಗ್ಗಿ ನೋಡ್ಕೋತ ಹೊಡ್ಕೊಂಡ ಬಂದೀನಿ."

ಅವಳ ಕೈಯಲ್ಲಿದ್ದ ಕೊಡ ನಗುವಿಗೆ ತುಳುಕಿತು. "ಬದನಿಕಾಯಿಗಿಂತ ಇದು ಚಂದ ಐತಿ."

"ಖರೇನ ಹೇಳಾಕತ್ತೇನಿ."

"ನಿಮ್ದು ಯಾವುದು ಖರೇ ಅಲ್ಲ?"

ಅವನು ನಕ್ಕ. ಗೋಡೆ ಹಿಡಿದು ಹಿಡಿದು ಕಟ್ಟೆಯ ಮೇಲೆ ಮಲಗಿದ. ಎಂಥ ಸೋಗು ಕಲಿತಿದ್ದಾನೆ ಎಂದುಕೊಂಡಳು. ಇನ್ನು ಮೇಲೆ ಈ ಬೆನ್ನಿಗೆ ತನ್ನ ಕಾಲು ತಾಗುವಂತಿಲ್ಲ, ಇದೇ ಕೊನೆಯದು ಎಂಬ ಖುಷಿ ಅವಳ ಮೈಯಲ್ಲಿ ಕುಣಿಯುತ್ತಿತ್ತು. ಪಡಸಾಲೆಯ ಕಂಬ ಹಿಡಿದು, ಒಂದು ಕಾಲಲ್ಲ, ಎರಡೂ ಕಾಲಿಟ್ಟು, ಜೋಕಾಲಿಯ ಮಣೆ ಏರಿದ ಹುಡುಗಿಯ ಹಾಗೆ ಅವನ ಬೆನ್ನಿನ ಮೇಲೆ ನಿಂತುಬಿಟ್ಟಳು.

ಪಾದದ ಕೆಳಗೆ ಆ ಬೆನ್ನು ಕಲ್ಲಿನ ಹಾಗೆ ಬಿಗಿಯಿತು. ಆಮೇಲೆ ಸಡಿಲವಾಯಿತು.

"ಹಗುರ ಅದೀ," ಎಂದ ಸಂಗು, ನೆಲಕ್ಕೆ ಮುಖವಿಟ್ಟು. "ಹೂವಿನಂಗ."

ಏಳುವಾಗ ಅವಳ ಕಡೆ ಕೈ ಚಾಚಿದ. ಅವಳು ಕೈ ಕೊಟ್ಟ ಹಾಗೆ ಮಾಡಿ ಹಿಂದಕ್ಕೆಳೆದುಕೊಂಡಳು. ಬೇಸ್ತವಾರದ ತನಕ ತಡೀರಿ ಎಂದಳು. ಅವನು ಆಗಲೂ ನಕ್ಕ. ಗೋಡೆ ಹಿಡಿದೇ ಪಿಕಪ್ಪಿನ ತನಕ ಹೋದ. ಅವಳು ಬಾಗಿಲಲ್ಲಿ ನಿಂತು, ಅವನು ತಿರುಗಿ ನೋಡಲಿ ಎಂದು ಕಾದಳು. ತಿರುಗಲಿಲ್ಲ.

ಆ ಮಧ್ಯಾಹ್ನ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಾಕ್ಸು ಇಳಿಸಲು ಹೋದವನು ಹೊತ್ತ ಬಾಕ್ಸಿನ ಜೊತೆಗೇ ಬಿದ್ದ. ಒಣದ್ರಾಕ್ಷಿ ರಸ್ತೆಯ ತುಂಬ ಚೆಲ್ಲಿತು. ಎಬ್ಬಿಸಿದರೆ ಬಲಗಾಲು ಅವನ ಜೊತೆ ಏಳಲಿಲ್ಲ. ಸ್ನಾಯು ಹಿಡಿದದ್ದಲ್ಲ, ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕ್ ಜರುಗಿ ನರ ಒತ್ತಿದೆ ಎಂದರು ಡಾಕ್ಟರು. ಇಂಥದಕ್ಕೆ ಎಣ್ಣೆ, ಕಾವು ಮದ್ದಲ್ಲ, ಕಾಲು ಜೋಮು ಹಿಡಿದ ದಿನವೇ ಬರಬೇಕಿತ್ತು ಎಂದರು. ಆಪರೇಷನ್ ಆಯಿತು. ಕಾಲು ಮಾತ್ರ ತಿರುಗಿ ಬರಲಿಲ್ಲ.

ಗುರುವಾರ ಬಂತು, ಹಿರಿಯರು ಬರಲಿಲ್ಲ. ಫೋನ್ ಮಾಡಿದರೆ ಅವನು ಎತ್ತಲಿಲ್ಲ.

ಸೌಭಾಗ್ಯ ಕಟ್ಟೆಯ ಮೇಲೆ ಯಾರನ್ನೂ ಮಲಗಗೊಡಲಿಲ್ಲ. ಬಂದವರು ಕೈಮುಗಿದರೂ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಸ್ನಾನದ ಕಲ್ಲಿನ ಮೇಲೆ ಕೂತು ಎಡಗಾಲನ್ನು ಬೇರೆಯವರದೆಂಬಂತೆ ನೋಡುತ್ತಿದ್ದಳು. ಅದರ ಕೆಳಗೆ ಆ ಬಿಗಿತ, ಆ ಸಡಿಲ ಇನ್ನೂ ಇತ್ತು. ಎಷ್ಟು ತೊಳೆದರೂ ಇತ್ತು.

"ಊಟ ಮಾಡ ಬಾ, ನನ್ನವ್ವಾ," ಎನ್ನುತ್ತಿದ್ದಳು ಗುರುಬಸವ್ವ.

"ಕಾಲು ಎಲ್ಲೋ ಹೋಗೈತಿ ಅಂದಿದ್ದ ಯವ್ವಾ. ಖರೇನ ಅಂದಿದ್ದ. ನಾ ನಕ್ಕೆ."

ಒಂದು ಬೆಳಿಗ್ಗೆ ಅವಳು ತಾಯಿಗೆ ಹೇಳಿಯೇ ಬಬಲೇಶ್ವರದ ಹಾದಿ ಹಿಡಿದಳು. ಚೀಲದಲ್ಲಿ ಔಡಲೆಣ್ಣೆಯ ಬಾಟಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಕ್ಕೆಯ ಎಲೆ. ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಬರಿಗೈಯಲ್ಲಿ ಹೋಗಲು ಧೈರ್ಯವಿರಲಿಲ್ಲ.

ಬಾಗಿಲು ತೆರೆದವಳು ಸಂಗುವಿನ ಅಣ್ಣನ ಹೆಂಡತಿ ಕಾಶಿಬಾಯಿ. ಚೀಲದಿಂದ ಹೊರಗೆ ಬಂದಿದ್ದ ಎಲೆಯ ತುದಿ ನೋಡಿ ಯಾರೆಂದು ಗುರುತು ಹಿಡಿದಳು. "ಬಾ ತಂಗಿ," ಎಂದಳು. "ಗ್ವಾಡಿ ನೋಡ್ಕೋತ ಮಲಗ್ಯಾನ. ಒಂದು ಕಥಿ ಇಲ್ಲ, ಒಂದು ನಗಿ ಇಲ್ಲ. ಮನಿ ಬಣ ಬಣ ಅನ್ನಾಕತ್ತೈತಿ. ಉಪ್ಪ ಹುರೀತೀನಿ, ನೀ ಮಾತಾಡಸು." ಅವಳು ಅಡುಗೆಮನೆಗೆ ಹೋದಳು.

ಸಂಗು ಹೊರಸಿನ ಮೇಲೆ ಮಗ್ಗುಲಾಗಿದ್ದ. ಅವಳ ಹೆಜ್ಜೆಯ ಸಪ್ಪಳಕ್ಕೆ ಹೆಗಲು ಅಲುಗಿತು.

"ಪಾದ ನೋಡದನ ಗೊತ್ತಾತು," ಎಂದ.

"ಡಾಕ್ಟ್ರು ಏನಂದ್ರು? ನಾ ನಿಂತಿದ್ದಕ್ಕ ಆತೇನ್ರಿ?"

ಅವನು ತಿರುಗಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. "ಇಲ್ಲ. ಬಾಕ್ಸ್ ಎತ್ತಿ ಎತ್ತಿ ಮೊದ್ಲ ಜರಗಿತ್ತಂತ. ನೀ ನಿಂತ್ರೂ ಹೋಗ್ತಿತ್ತು, ನಿಲ್ಲದಿದ್ರೂ ಹೋಗ್ತಿತ್ತು."

"ಖರೇ ಹೇಳಾಕತ್ತೀರೋ, ಕಥಿ ಕಟ್ಟಾಕತ್ತೀರೋ?"

ಅವನು ಅವಳನ್ನು ನೋಡಿದ. ರೆಪ್ಪೆ ಬಡಿಯದ, ಒಳಗೆಲ್ಲೋ ನಗು ಬಚ್ಚಿಟ್ಟುಕೊಂಡ ಅದೇ ನೋಟ. ಬದನೆಕಾಯಿಯ ಕಥೆಗೂ ಅದೇ ನೋಟವಿತ್ತು, ಆ ಸೋಮವಾರದ ಸತ್ಯಕ್ಕೂ ಅದೇ ಇತ್ತು. ಯಾವುದು ಯಾವುದೆಂದು ಅವಳಿಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯಲಿಲ್ಲ. ಸಾಯುವ ತನಕ ತಿಳಿಯುವುದಿಲ್ಲ ಎಂಬುದಷ್ಟೇ ತಿಳಿಯಿತು.

"ಹಿರ್ಯಾರನ್ನ ಕಳಸೂದಿಲ್ಲ ನಾ," ಎಂದ ಸಂಗು. "ಗಾಡಿ ಹೊಡ್ಯಾಕ ಬರೂದಿಲ್ಲ, ಹೊರಾಕ ಬರೂದಿಲ್ಲ. ನಿಮ್ಮವ್ವಗ ಬ್ಯಾರೆ ಕಡೆ ನೋಡಾಕ ಹೇಳು."

ಅವಳು ಹೊರಸಿನ ತುದಿಗೆ ಕೂತು, ಹೊದಿಕೆ ಸರಿಸಿ, ಅವನ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ನೀರಿನಲ್ಲಿ ನೆನೆದ ಕಟ್ಟಿಗೆಯಷ್ಟು ಭಾರವಿತ್ತು.

"ಕಾಲು ಹಿಡೀಬ್ಯಾಡ."

"ಬೆನ್ನು ತುಳದೀನಿ. ಕಾಲರೆ ಹಿಡ್ಯಾಕ ಬಿಡ್ರಿ."

ಅವನು ಬಿಟ್ಟ. ಕಣ್ಣು ಮುಚ್ಚಿಕೊಂಡ. ಅವಳು ಒದ್ದೆ ಬಟ್ಟೆಯಿಂದ ಎಲೆ ತೆಗೆದು ಅವನ ಅಂಗಾಲಿಗೆ ಒತ್ತಿ ಹಿಡಿದಳು. ಬಸ್ಸಿನ ಕಿಟಕಿಯ ಗಾಳಿಗೆ ಎಲೆ ತಣ್ಣಗಾಗಿತ್ತು. ಅವಳ ಕೈ ಅದಕ್ಕಿಂತ ತಣ್ಣಗಿತ್ತು.

ಮಡಿಲಲ್ಲಿದ್ದ ಪಾದದ ಮೇಲೆ ಅವಳ ಕಣ್ಣೀರು ಬೀಳುತ್ತಿತ್ತು. ಪಾದಕ್ಕೆ ಅದೂ ಗೊತ್ತಾಗುತ್ತಿರಲಿಲ್ಲ.

"ಬಿಸಿ ಹತ್ತಾಕತ್ತೈತಿ ನೋಡು," ಎಂದ ಸಂಗು ಕಣ್ಣು ಮುಚ್ಚಿಕೊಂಡೇ. "ಹಿಮ್ಮಡಿತನಕ ಬಂತು. ಏನ ಕಾವು ಐತಿ ನಿನ್ನ ಉಪ್ಪಿನ ಗಂಟಿಗೆ."

ಅಡುಗೆಮನೆಯ ಹಂಚಿನ ಮೇಲೆ ಉಪ್ಪು ಇನ್ನೂ ಚಟಪಟ ಎನ್ನುತ್ತಿತ್ತು.

ಸೌಭಾಗ್ಯ ಅವನ ಮುಖ ನೋಡಿದಳು. ಮುಚ್ಚಿದ ರೆಪ್ಪೆಯ ಅಂಚು ಒದ್ದೆಯಾಗಿತ್ತು. ಅವಳು ಮೂಗು ಒರೆಸಿಕೊಂಡಳು.

"ಹೌದ್ರಿ. ಹೆಬ್ಬೆರಳು ಈಗ ಅಲಗ್ಯಾಡ್ತು. ನಾ ಕಣ್ಣಾರೆ ನೋಡ್ದೆ."

"ಖರೇನ?"

"ಖರೇನ."

"ಹಂಗಾರ ಈ ಬೇಸ್ತವಾರ ನಾನ ಓಡ್ಕೊಂಡ ಬರ್ತೀನಿ ಬಿಜ್ಜರಗಿಗೆ. ಹಿರ್ಯಾರು ಹಿಂದ ಉಳೀತಾರ, ಅವರು ಬರೂತನಕ ತಡಿ ಅಂತ ನಿಮ್ಮವ್ವಗ ಹೇಳ್ಬೇಕು ನೀ."

"ಬರ್ರಿ," ಎಂದಳು. "ಕಟ್ಟಿ ಮ್ಯಾಲ ಕುಂತ ಹಾದಿ ನೋಡ್ತೀನಿ."

ಕಾಶಿಬಾಯಿ ಹೊಗೆಯಾಡುವ ಉಪ್ಪಿನ ಗಂಟನ್ನು ಸೆರಗಿನಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದಳು. ಸೌಭಾಗ್ಯ ಅವಳ ಕಡೆ ನೋಡಿ, ಅಲ್ಲೇ ನಿಲ್ಲು ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ತಣ್ಣನೆಯ ಎಲೆಯನ್ನು ಆ ಪಾದಕ್ಕೆ ಇನ್ನಷ್ಟು ಒತ್ತಿ ಹಿಡಿದಳು.